ಕತ್ತಲೆಯಲ್ಲಿ ಮಾತ್ರ ತೆರೆಯಬೇಕಾದ ಪೆಟ್ಟಿಗೆ

ಅಕ್ಟೋಬರ್ ತಿಂಗಳ ಮೊದಲ ವಾರದ ಒಂದು ಸಂಜೆ. ಗೋಥೆನ್‌ಬರ್ಗಿನ ನಮ್ಮ ಬಾಡಿಗೆ ಮನೆಯ ಕಿಟಕಿಯಿಲ್ಲದ ಬಚ್ಚಲುಮನೆಯಲ್ಲಿ, ಕೆಂಪು ದೀಪದ ಮಂದ ಬೆಳಕಿನಲ್ಲಿ ನಿಂತು, ಹಳೆಯ ಫೋಟೊ ಕಾಗದದ ಒಂದು ಹಾಳೆಯನ್ನು ಡೆವಲಪರ್ ತುಂಬಿದ ಟ್ರೇಗೆ ಜಾರಿಸಿದೆ. ಹತ್ತು ಸೆಕೆಂಡಿನಲ್ಲಿ ಅದರ ಅಂಚು ಬೂದಿಬಣ್ಣಕ್ಕೆ ತಿರುಗಿತು. ಅರ್ಧ ನಿಮಿಷ ಕಳೆಯುವಷ್ಟರಲ್ಲಿ ಇಡೀ ಹಾಳೆ ಇದ್ದಿಲಿನಷ್ಟು ಕಪ್ಪಾಯಿತು. ವಿಚಿತ್ರವೆಂದರೆ, ಆ ಹಾಳೆಯ ಮೇಲೆ ನಾನಿನ್ನೂ ಬೆಳಕನ್ನೇ ಬಿಟ್ಟಿರಲಿಲ್ಲ. ಕಟ್ಟಿನ ಮಧ್ಯದಿಂದ ಇನ್ನೊಂದನ್ನು ತೆಗೆದೆ. ಅದೂ ಕಪ್ಪು. ತಳದಿಂದ ಮತ್ತೊಂದು. ಅದೂ ಅಷ್ಟೇ. ಇನ್ನೂರು ಕ್ರೋನಾ, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು ಎರಡು ಸಾವಿರ ರೂಪಾಯಿ ಕೊಟ್ಟು ಆನ್‌ಲೈನಿನಲ್ಲಿ ಕೊಂಡಿದ್ದ ಆ ಪೆಟ್ಟಿಗೆಯಲ್ಲಿ ಒಂದೇ ಒಂದು ಹಾಳೆಯೂ ಬದುಕಿರಲಿಲ್ಲ.

ಹಣ ಹೋದದ್ದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ದಿನಗಳ ಲೆಕ್ಕ. ಮಾರ್ಗಶಿರದಲ್ಲಿ ಅಪ್ಪನ ವರ್ಷಾಬ್ದಿಕ. ಅಷ್ಟರೊಳಗೆ ಅಮ್ಮನಿಗೆ ಒಂದು ಫೋಟೊ ಮಾಡಿಕೊಡುತ್ತೇನೆಂದು ಮಾತು ಕೊಟ್ಟಿದ್ದೆ.

ಒಂದೇ ಒಂದು ನೆಗೆಟಿವ್

ಅಪ್ಪ ಸಾಗರದಲ್ಲಿ ಮೂವತ್ತು ವರ್ಷಕ್ಕೂ ಮೀರಿ ಫೋಟೊ ಸ್ಟುಡಿಯೊ ನಡೆಸಿದವರು. ಊರಿನ ಅರ್ಧಕ್ಕರ್ಧ ಮದುವೆಗಳು, ಶಾಲೆಯ ಗ್ರೂಪ್ ಫೋಟೊಗಳು, ವಧುಪರೀಕ್ಷೆಗೆಂದು ತೆಗೆಸಿದ ಭಾವಚಿತ್ರಗಳು ಅವರ ಕತ್ತಲೆಕೋಣೆಯಲ್ಲಿಯೇ ಹುಟ್ಟಿದವು. ಬಣ್ಣದ ಲ್ಯಾಬುಗಳು ಬಂದ ಮೇಲೂ ಗುರುತಿನ ಚೀಟಿಯ ಕಪ್ಪು ಬಿಳುಪು ಚಿತ್ರಗಳನ್ನು ಅವರೇ ಮುದ್ರಿಸುತ್ತಿದ್ದರು. ಮುದ್ರಿಸಿದ ಹಾಳೆಗಳನ್ನು ತೊಳೆಯುವುದು, ಒಣಗಿಸುವುದು, ಅಂಚು ಕತ್ತರಿಸುವುದು ಅಮ್ಮನ ಕೆಲಸ. ಶಾಲೆ ಬಿಟ್ಟ ಮೇಲೆ ಹೈಪೊ ಟ್ರೇಯನ್ನು ಮೆಲ್ಲಗೆ ತೂಗುವುದು ನನ್ನ ಕೆಲಸ.

ಊರಿನವರೆಲ್ಲರ ಮುಖ ಹಿಡಿದಿಟ್ಟ ಮನುಷ್ಯನ ಒಂದು ಒಳ್ಳೆಯ ಫೋಟೊ ಮಾತ್ರ ಮನೆಯಲ್ಲಿರಲಿಲ್ಲ. ತೀರಿಕೊಂಡಾಗ ಆಧಾರ್ ಚೀಟಿಗೆಂದು ತೆಗೆದ ಚಿತ್ರವನ್ನೇ ಯಾರೋ ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿಸಿ, ಕೆನ್ನೆಯ ಸುಕ್ಕು ಅಳಿಸಿ, ಹಿಂದೆ ನೀಲಿ ಆಕಾಶ ಕೂರಿಸಿ, ಚೌಕಟ್ಟು ಹಾಕಿಸಿ ತಂದರು. ಅಮ್ಮ ಅದಕ್ಕೆ ಹಾರ ಹಾಕಿದರು. ಹದಿಮೂರನೆಯ ದಿನ ಕಳೆದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದು, “ಆ ಫೋಟೊದಲ್ಲಿ ನಿಮ್ಮಪ್ಪ ಇಲ್ಲ ಕಣೇ” ಎಂದರು.

ಸ್ಟುಡಿಯೊದ ಕಪಾಟು ಖಾಲಿ ಮಾಡುವಾಗ ಒಂದು ಲಕೋಟೆ ಸಿಕ್ಕಿತು. ಯಾಷಿಕಾ ಕ್ಯಾಮೆರಾದಲ್ಲಿ ತೆಗೆದ ಚೌಕದ ನೆಗೆಟಿವ್. ಬಣ್ಣ ಬಳಿದ ಪರದೆಯ ಮುಂದೆ, ಗಿರಾಕಿಗಳು ಕೂರುವ ಕುರ್ಚಿಯಲ್ಲಿ, ತೋಳು ಮಡಚಿದ ಅಂಗಿಯಲ್ಲಿ ಅಪ್ಪ. ಗುಂಡಿ ಒತ್ತಿದವರು ಅಮ್ಮ. ಮದುವೆಯಾದ ಎರಡನೆಯ ವರ್ಷದ್ದಂತೆ. ಅದನ್ನು ಕೈಚೀಲದಲ್ಲಿಟ್ಟುಕೊಂಡು ಸ್ವೀಡನ್ನಿಗೆ ಬಂದೆ. ಒಮ್ಮೆ ಡೆವಲಪ್ ಆದ ನೆಗೆಟಿವ್‌ಗೆ ವಿಮಾನ ನಿಲ್ದಾಣದ ಎಕ್ಸ್‌ರೇಯಿಂದ ತೊಂದರೆಯಿಲ್ಲ.

ಸ್ಕ್ಯಾನ್ ಮಾಡಿ ಪ್ರಿಂಟ್ ತೆಗೆಸಬಹುದಿತ್ತು. ಆದರೆ ನಮ್ಮ ನಡುಮನೆಯ ಗೋಡೆಯ ಮೇಲೆ ಅಜ್ಜ, ಅಜ್ಜಿ, ದೊಡ್ಡಪ್ಪಂದಿರ ಚಿತ್ರಗಳು ಸಾಲಾಗಿವೆ. ಎಲ್ಲವೂ ಅಪ್ಪನ ಕೈಯ ಬ್ರೋಮೈಡ್ ಪ್ರಿಂಟುಗಳು. ಆ ಸಾಲಿನಲ್ಲಿ ಅಪ್ಪನೂ ಅದೇ ಬಗೆಯ ಕಾಗದದ ಮೇಲೆ ಇರಲಿ ಎಂಬುದು ಅಮ್ಮನ ಆಸೆ. ಬಾಯಿಬಿಟ್ಟು ಕೇಳಿದ ಒಂದೇ ಆಸೆ ಅದು.

ಕಾಗದ ಎಲ್ಲಿ ಹೋಯಿತು?

ಅಪ್ಪನ ಅಂಗಡಿಯಲ್ಲಿ ಎರಡು ಬಗೆಯ ಪೆಟ್ಟಿಗೆಗಳಿರುತ್ತಿದ್ದವು. ಒಂದು ಆಗ್ಫಾ. ಇನ್ನೊಂದು ‘ಇಂದು’. ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಎಂಬ ಸರ್ಕಾರಿ ಕಾರ್ಖಾನೆಯ ಮುದ್ರೆ ಅದು. 1960ರಲ್ಲಿ ಸ್ಥಾಪನೆಯಾಗಿ 1967ರಲ್ಲಿ ಉತ್ಪಾದನೆ ಆರಂಭಿಸಿದ ಆ ಕಾರ್ಖಾನೆ ಈಗಿಲ್ಲ. ಹೊರದೇಶಗಳ ದೊಡ್ಡ ಹೆಸರುಗಳಿಗೂ ಅದೇ ಗತಿಯಾಯಿತು. 2004ರಲ್ಲಿ ಇಂಗ್ಲೆಂಡಿನ ಇಲ್‌ಫರ್ಡ್ ದಿವಾಳಿಯ ಅಂಚಿಗೆ ಬಂದು, ಅಲ್ಲಿನ ವ್ಯವಸ್ಥಾಪಕರೇ ಕೊಂಡುಕೊಂಡದ್ದರಿಂದ ಉಳಿಯಿತು. 2005ರಲ್ಲಿ ಜರ್ಮನಿಯ ಆಗ್ಫಾಫೋಟೊ ದಿವಾಳಿಯೆದ್ದಿತು. ಅದೇ ವರ್ಷ ಕೊಡ್ಯಾಕ್ ಕಪ್ಪು ಬಿಳುಪು ಕಾಗದದ ತಯಾರಿಕೆಯನ್ನು ನಿಲ್ಲಿಸುವುದಾಗಿ ಘೋಷಿಸಿತು. 2007ರಲ್ಲಿ ಹಂಗೆರಿಯ ಫೋರ್ಟೆ ಬಾಗಿಲು ಹಾಕಿತು. ಇಂದು ಹೊಸ ಕಾಗದ ಬೇಕೆಂದರೆ ಇಂಗ್ಲೆಂಡಿನ ಇಲ್‌ಫರ್ಡ್, ಚೆಕ್ ದೇಶದ ಫೋಮಾದಂಥ ಕೆಲವೇ ಹೆಸರುಗಳು ಉಳಿದಿವೆ. ಅವು ಒಳ್ಳೆಯ ಕಾಗದಗಳೇ. ಆದರೆ ಅಗ್ಗವಲ್ಲ. ಅಪ್ಪ ಬಳಸುತ್ತಿದ್ದ ಆಗ್ಫಾ ಬ್ರೋವಿರಾ ಬೇಕೆಂದರೆ ಯಾರದೋ ನೆಲಮಾಳಿಗೆಯಲ್ಲಿ ಉಳಿದದ್ದನ್ನೇ ಹುಡುಕಬೇಕು.

ಅದಕ್ಕೆ ಸ್ವೀಡನ್ನಿಗಿಂತ ಒಳ್ಳೆಯ ಜಾಗ ಕಡಿಮೆ. ನಾನಿರುವ ಗೋಥೆನ್‌ಬರ್ಗ್ ಹಾಸೆಲ್‌ಬ್ಲಾಡ್ ಕ್ಯಾಮೆರಾದ ತವರು. 1841ರಲ್ಲಿ ವ್ಯಾಪಾರದ ಮನೆಯಾಗಿ ಆರಂಭವಾದ ಆ ಸಂಸ್ಥೆಯ ವಿಕ್ಟರ್ ಹಾಸೆಲ್‌ಬ್ಲಾಡ್ 1948ರಲ್ಲಿ ಜಗತ್ತಿನ ಮುಂದಿಟ್ಟ ಚೌಕ ಚಿತ್ರದ ಕ್ಯಾಮೆರಾದ ವಂಶಜವೇ 1969ರಲ್ಲಿ ಅಪೋಲೊ 11ರೊಂದಿಗೆ ಚಂದ್ರನ ಮೇಲಿಳಿಯಿತು. ಅವರ ಹೆಸರಿನ ಪ್ರತಿಷ್ಠಾನ ಕೊಡುವ ಛಾಯಾಗ್ರಹಣ ಪ್ರಶಸ್ತಿ 2022ರಲ್ಲಿ ನಮ್ಮ ದಯನಿತಾ ಸಿಂಗ್ ಅವರಿಗೆ ಸಂದಿತು. ದೊಡ್ಡ ಹೆಸರುಗಳಷ್ಟೇ ಅಲ್ಲ, ಇಲ್ಲಿನ ಸಣ್ಣ ಊರುಗಳಲ್ಲಿಯೂ ಫೋಟೊ ಕ್ಲಬ್ಬುಗಳಿದ್ದವು. ಉದ್ದನೆಯ ಚಳಿಗಾಲದ ಸಂಜೆಗಳಲ್ಲಿ ನೆಲಮಾಳಿಗೆಯಲ್ಲಿ ಚಿತ್ರ ಮುದ್ರಿಸುವುದು ಸಾಮಾನ್ಯ ಜನರ ಹವ್ಯಾಸವಾಗಿತ್ತು. ಆ ತಲೆಮಾರು ಈಗ ಒಬ್ಬೊಬ್ಬರಾಗಿ ಮನೆ ಖಾಲಿ ಮಾಡುತ್ತಿದೆ.

ಹಳೆಯ ಸಾಮಾನು ಕೊಳ್ಳುವುದಕ್ಕೆ ಇಲ್ಲಿ ಯಾರಿಗೂ ಸಂಕೋಚವಿಲ್ಲ. ಬೇಸಿಗೆಯಲ್ಲಿ ರಸ್ತೆಬದಿಯಲ್ಲಿ, ಶಾಲೆಯ ಅಂಗಳದಲ್ಲಿ ‘ಲೊಪ್ಪಿಸ್’ ಎಂಬ ಹಳೆಯ ವಸ್ತುಗಳ ಸಂತೆ ನಡೆಯುತ್ತದೆ. ನನ್ನ ಎನ್‌ಲಾರ್ಜರ್ ಸಿಕ್ಕಿದ್ದು ಅಂಥ ಒಂದು ಸಂತೆಯಲ್ಲಿ. ಆನ್‌ಲೈನಿನಲ್ಲಿ ಬ್ಲಾಕೆಟ್, ಟ್ರಡೇರಾ ಎಂಬ ತಾಣಗಳಿವೆ. ಮೊದಲನೆಯದು ಜಾಹೀರಾತಿನ ತಾಣ, ಎರಡನೆಯದು ಹರಾಜಿನದು. ಸೋಫಾ, ಸೈಕಲ್ಲು, ಮಕ್ಕಳ ಚಳಿಯಂಗಿಗಳ ನಡುವೆ ಆಗೊಮ್ಮೆ ಈಗೊಮ್ಮೆ ಫೋಟೊ ಕಾಗದದ ಪೆಟ್ಟಿಗೆಯೂ ಕಾಣಿಸಿಕೊಳ್ಳುತ್ತದೆ.

ಕೊಳ್ಳುವ ಮುನ್ನ

ಇಲ್ಲಿಗೆ ಬರಲು ಸಿದ್ಧರಾಗುತ್ತಿರುವವರಿಗೆ ಕೆಲವು ವ್ಯಾವಹಾರಿಕ ಸಂಗತಿಗಳನ್ನು ಹೇಳಬೇಕು. ಇವು ಫೋಟೊ ಕಾಗದಕ್ಕೆ ಮಾತ್ರವಲ್ಲ, ಊಟದ ಮೇಜಿಗೂ ಅನ್ವಯಿಸುತ್ತವೆ.

ಸ್ವೀಡನ್ನಿನಲ್ಲಿ ವ್ಯಕ್ತಿ ವ್ಯಕ್ತಿಗಳ ನಡುವಿನ ಹಣ ಹೆಚ್ಚಾಗಿ ಸಾಗುವುದು ‘ಸ್ವಿಶ್’ ಎಂಬ ಮೊಬೈಲ್ ಸೇವೆಯ ಮೂಲಕ. ನಮ್ಮ ಯುಪಿಐ ಇದ್ದ ಹಾಗೆ. ಅದಕ್ಕೆ ಇಲ್ಲಿನ ಬ್ಯಾಂಕ್ ಖಾತೆ ಬೇಕು, ‘ಬ್ಯಾಂಕ್‌ಐಡಿ’ ಎಂಬ ವಿದ್ಯುನ್ಮಾನ ಗುರುತು ಬೇಕು. ಅವೆರಡಕ್ಕೂ ತಳಹದಿ ತೆರಿಗೆ ಇಲಾಖೆ ಕೊಡುವ ವೈಯಕ್ತಿಕ ಸಂಖ್ಯೆ. ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ನೆಲೆಸುವವರ ಹೆಸರನ್ನು ಇಲಾಖೆ ಜನಸಂಖ್ಯಾ ದಾಖಲೆಗೆ ಸೇರಿಸಿಕೊಂಡು ಆ ಸಂಖ್ಯೆ ಕೊಡುತ್ತದೆ. ಅಲ್ಲಿಯತನಕ ಹೊಸಬರು ಪರಿಚಿತರ ನೆರವಿನಿಂದಲೇ ಕೊಳ್ಳಬೇಕಾಗುತ್ತದೆ. ಸ್ವಿಶ್‌ನಲ್ಲಿ ಹೋದ ಹಣವನ್ನು ಹಿಂದಕ್ಕೆ ಸೆಳೆದುಕೊಳ್ಳಲಾಗದು. ಮಾರುವವರು ಯಾರೇ ಆಗಲಿ, ತಾವು ಕಳಿಸಿದ ಕೊಂಡಿಯ ಮೂಲಕ ಬ್ಯಾಂಕ್‌ಐಡಿ ಹಾಕಿ ಎಂದರೆ ಅಲ್ಲಿಗೇ ಮಾತು ನಿಲ್ಲಿಸಬೇಕು.

ಎರಡನೆಯದು ಕಾನೂನು. ಅಂಗಡಿಯಿಂದ ಆನ್‌ಲೈನಿನಲ್ಲಿ ಕೊಂಡರೆ ಹದಿನಾಲ್ಕು ದಿನಗಳೊಳಗೆ ಮನಸ್ಸು ಬದಲಿಸುವ ಹಕ್ಕು ಸಾಮಾನ್ಯವಾಗಿ ಉಂಟು. ಖಾಸಗಿ ವ್ಯಕ್ತಿಯಿಂದ ಕೊಂಡರೆ ಆ ಹಕ್ಕು ಇಲ್ಲ. ಅಲ್ಲಿ ನಡೆಯುವುದು 1990ರ ಮಾರಾಟ ಕಾಯಿದೆ. ಹಳೆಯ ವಸ್ತುಗಳ ಜಾಹೀರಾತಿನಲ್ಲಿ ‘ಇದ್ದ ಸ್ಥಿತಿಯಲ್ಲಿಯೇ ಮಾರಾಟ’ ಎಂಬ ಸಾಲು ಬಹಳ ಸಲ ಇರುತ್ತದೆ. ಆ ಸಾಲು ಮಾರುವವರಿಗೆ ಪೂರ್ಣ ರಕ್ಷೆಯಲ್ಲ. ಅವರು ಕೊಟ್ಟ ವಿವರ ತಪ್ಪಾಗಿದ್ದರೆ, ಗೊತ್ತಿದ್ದ ಮುಖ್ಯ ದೋಷವನ್ನು ಮುಚ್ಚಿಟ್ಟಿದ್ದರೆ, ಅಥವಾ ಬೆಲೆಯನ್ನು ನೋಡಿ ನಿರೀಕ್ಷಿಸಬಹುದಾದುದಕ್ಕಿಂತ ವಸ್ತು ತೀರಾ ಕೆಟ್ಟದ್ದಾಗಿದ್ದರೆ ದೂರಲು ಅವಕಾಶವಿದೆ. ಆದರೆ ಇನ್ನೂರು ಕ್ರೋನಾದ ಕಾಗದಕ್ಕಾಗಿ ಯಾರೂ ನ್ಯಾಯಾಲಯದ ಮೆಟ್ಟಿಲು ಹತ್ತುವುದಿಲ್ಲ. ಆದುದರಿಂದ ಕೊಳ್ಳುವ ಮೊದಲು ಕೇಳುವ ಪ್ರಶ್ನೆಗಳೇ ನಮ್ಮ ನಿಜವಾದ ರಕ್ಷಣೆ.

ನಾನು ಒಂದನ್ನೂ ಕೇಳಿರಲಿಲ್ಲ. ಹಾಳೆಗಳೆಲ್ಲ ಕಪ್ಪಾದ ಮೇಲೆ ಜಾಹೀರಾತನ್ನು ಮತ್ತೆ ತೆರೆದು ನೋಡಿದೆ. ಎರಡನೆಯ ಚಿತ್ರದಲ್ಲಿ ಎಲ್ಲವೂ ಸ್ಪಷ್ಟವಾಗಿತ್ತು. ಮಾರಿದವರು ಕಪ್ಪು ಪ್ಲಾಸ್ಟಿಕ್ ಚೀಲವನ್ನು ಬಿಚ್ಚಿ, ಎಷ್ಟು ಹಾಳೆ ಉಳಿದಿವೆಯೆಂದು ಎಣಿಸಿ, ಅಡುಗೆಮನೆಯ ಮೇಜಿನ ಮೇಲೆ ಬೀಸಣಿಗೆಯಂತೆ ಹರಡಿ ಚಿತ್ರ ತೆಗೆದಿದ್ದರು. ಪೆಟ್ಟಿಗೆಯ ಮುಚ್ಚಳದ ಮೇಲೆಯೇ ‘ಕತ್ತಲೆಕೋಣೆಯಲ್ಲಿ ಮಾತ್ರ ತೆರೆಯಿರಿ’ ಎಂದು ನಾಲ್ಕು ಭಾಷೆಗಳಲ್ಲಿ ಬರೆದಿತ್ತು. ಸಂಖ್ಯೆಯನ್ನು ಇಷ್ಟು ಪ್ರಾಮಾಣಿಕವಾಗಿ ತೋರಿಸಿದ್ದಾರಲ್ಲ ಎಂದು ಮೆಚ್ಚಿಯೇ ನಾನು ಕೊಂಡಿದ್ದೆ! ಬರೆದು ತಿಳಿಸಿದಾಗ ಅವರು ಅದನ್ನು ಪ್ರಿಂಟರಿಗೆ ಹಾಕುವ ಹೊಳಪು ಕಾಗದವೆಂದು ತಿಳಿದಿದ್ದಾಗಿ ಹೇಳಿ ಅರ್ಧ ಹಣ ಮರಳಿಸಿದರು. ಫೋಟೊ ಕಾಗದವನ್ನು ಕಂಡೇ ಇರದವರು ಅದನ್ನು ಬೆಳಕಿಗೆ ತೆರೆಯಬಾರದೆಂದು ಹೇಗೆ ತಿಳಿದಾರು? ಉಳಿದರ್ಧದ ತಪ್ಪು ನನ್ನದೇ.

ಕಪ್ಪಾಗುವ ಆ ಹಾಳೆಗಳು ಪೂರ್ತಿ ವ್ಯರ್ಥವಾಗಲಿಲ್ಲ. ಡೆವಲಪರ್ ಬಳಸದೆ, ಅವುಗಳ ಮೇಲೆ ಎಲೆ ಹೂವುಗಳನ್ನಿಟ್ಟು ಗಾಜಿನಡಿ ಒತ್ತಿ ಬಿಸಿಲಿಗಿಟ್ಟರೆ ಕಂದು, ನೇರಳೆ ಬಣ್ಣದ ನೆರಳುಚಿತ್ರಗಳು ತಾವಾಗಿ ಮೂಡುತ್ತವೆ. ಶರತ್ಕಾಲದ ಬಡ ಬಿಸಿಲಿನಲ್ಲಿ ಮಗಳು ಇಡೀ ದಿನ ಕಾದು ಮೇಪಲ್ ಎಲೆಯೊಂದರ ಅಚ್ಚು ತೆಗೆದಳು. ಈ ಸುದ್ದಿ ಕೇಳಿ ಅಮ್ಮ ಫೋನಿನಲ್ಲಿ ನಕ್ಕರು: “ಅಲ್ಲ ಕಣೇ, ಹೈಪೊ ತೂಗುತ್ತಿದ್ದವಳು ನೀನು. ಬಿಚ್ಚಿದ ಪೇಪರಿಗೆ ದುಡ್ಡು ಕೊಟ್ಟೆಯಾ?”

ನೆಲಮಾಳಿಗೆಯೋ, ಅಟ್ಟವೋ?

ಫೋಟೊ ಕಾಗದವೆಂದರೆ ಜೆಲಾಟಿನ್‌ನಲ್ಲಿ ಹುದುಗಿಸಿದ ಬೆಳ್ಳಿಯ ಲವಣದ ಸೂಕ್ಷ್ಮ ಹರಳುಗಳ ಪದರ. ಬೆಳಕು ತಾಕಿದ ಹರಳುಗಳು ಡೆವಲಪರಿನಲ್ಲಿ ಕಪ್ಪು ಬೆಳ್ಳಿಯಾಗುತ್ತವೆ. ಬೆಳಕು ತಾಕದೆಯೂ, ಸೆಖೆ ಮತ್ತು ತೇವದಿಂದ, ವರ್ಷಗಳು ಉರುಳಿದಂತೆ ಹರಳುಗಳು ತಾವಾಗಿ ಕೆಡುತ್ತವೆ. ಆಗ ಬಿಳಿಯಿರಬೇಕಾದ ಕಡೆ ಬೂದಿ ಮುಸುಕು ಬರುತ್ತದೆ. ಕಪ್ಪು ತನ್ನ ಗಾಢತೆ ಕಳೆದುಕೊಳ್ಳುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಅಪ್ಪ ಪೆಟ್ಟಿಗೆಗಳನ್ನು ತಗಡಿನ ಟ್ರಂಕಿನಲ್ಲಿಟ್ಟು, ಜೊತೆಗೊಂದು ಬಟ್ಟೆಯ ಗಂಟಿನಲ್ಲಿ ಸುಣ್ಣದ ಹರಳು ಇಡುತ್ತಿದ್ದುದು ಆ ತೇವಕ್ಕೆ ಹೆದರಿಯೇ.

ಆದುದರಿಂದ ಹಳೆಯ ಕಾಗದದ ಹುಟ್ಟಿದ ವರ್ಷಕ್ಕಿಂತ ಅದು ಬೆಳೆದ ಮನೆ ಮುಖ್ಯ. ಇಲ್ಲಿನ ನೆಲಮಾಳಿಗೆಗಳು ವರ್ಷವಿಡೀ ತಂಪು. ಅಟ್ಟಗಳು ಬೇಸಿಗೆಯಲ್ಲಿ ಒಲೆಯಂತೆ ಕಾಯುತ್ತವೆ. ಹಾಗಾಗಿ ಮೊದಲ ಪ್ರಶ್ನೆ: ಎಲ್ಲಿಟ್ಟಿದ್ದಿರಿ? ಎರಡನೆಯದು: ಪೆಟ್ಟಿಗೆ ತೆರೆದಿದೆಯೆ, ತೆರೆದಿದ್ದರೆ ಒಳಚೀಲವನ್ನು ಯಾರಾದರೂ ಬೆಳಕಿನಲ್ಲಿ ಬಿಚ್ಚಿದ್ದಾರೆಯೆ? ಮೂರನೆಯದು: ಬಳಸುತ್ತಿದ್ದವರು ಯಾರು? ವಯಸ್ಸನ್ನು ಪೆಟ್ಟಿಗೆಯೇ ಹೇಳುತ್ತದೆ. ‘ಪಶ್ಚಿಮ ಜರ್ಮನಿಯಲ್ಲಿ ತಯಾರಾದುದು’ ಎಂದಿದ್ದರೆ ಅದು 1990ಕ್ಕಿಂತ ಹಿಂದಿನದು. ಸಾಮಾನ್ಯವಾಗಿ, ಒಂದೇ ಗ್ರೇಡಿನ ಹಳೆಯ ಕಾಗದಗಳು ಚೆನ್ನಾಗಿ ಬಾಳುತ್ತವೆ. ಬಣ್ಣದ ಫಿಲ್ಟರ್‌ಗಳಿಂದ ಗ್ರೇಡ್ ಬದಲಿಸುವ ಮಲ್ಟಿಗ್ರೇಡ್ ಕಾಗದಗಳು ವಯಸ್ಸಾದಂತೆ ಆ ಗುಣವನ್ನು ಬೇಗ ಕಳೆದುಕೊಳ್ಳುತ್ತವೆ.

ಅಕ್ಟೋಬರ್ ಕೊನೆಯ ವಾರದಲ್ಲಿ ಒಂದು ಜಾಹೀರಾತು ಕಣ್ಣಿಗೆ ಬಿತ್ತು. ಬ್ರೋವಿರಾ, ಗ್ರೇಡ್ 3, 18×24 ಸೆಂ.ಮೀ., ನೂರೈವತ್ತು ಕ್ರೋನಾ. ಪಕ್ಕದಲ್ಲಿ ‘ದೊಡ್ಸ್‌ಬೂ’ ಎಂಬ ಪದ. ಮೃತರು ಬಿಟ್ಟುಹೋದ ಆಸ್ತಿಪಾಸ್ತಿಗೆ ಸ್ವೀಡಿಷ್ ಭಾಷೆಯಲ್ಲಿ ಹಾಗೆನ್ನುತ್ತಾರೆ. ಚಿತ್ರದಲ್ಲಿ ಮುಚ್ಚಿದ ಪೆಟ್ಟಿಗೆ ಮಾತ್ರ ಇತ್ತು. ಮೂರೂ ಪ್ರಶ್ನೆಗಳನ್ನು ಬರೆದು ಕಳಿಸಿದೆ. ಉತ್ತರ ಎರಡೇ ಸಾಲು: “ನೆಲಮಾಳಿಗೆಯಲ್ಲಿತ್ತು. ನನ್ನ ಗಂಡನದು, ನಾನು ಯಾವತ್ತೂ ತೆರೆದಿಲ್ಲ.”

ಅಂಚೆಯನ್ನು ನಂಬದೆ ಶನಿವಾರ ರೈಲು ಹತ್ತಿ ಆಲಿಂಗ್ಸೋಸ್‌ಗೆ ಹೋದೆ. ಗೋಥೆನ್‌ಬರ್ಗಿನಿಂದ ಮುಕ್ಕಾಲು ಗಂಟೆಯೊಳಗಿನ ದಾರಿ. ಶರತ್ಕಾಲದ ಬೆಳಕಿನ ಪ್ರದರ್ಶನಕ್ಕೂ ಕಾಫಿ ಅಂಗಡಿಗಳಿಗೂ ಹೆಸರಾದ ಪುಟ್ಟ ಊರು. ಬಾಗಿಲು ತೆರೆದಾಕೆಗೆ ಎಂಬತ್ತರ ಆಚೆಯ ವಯಸ್ಸು. ನಮ್ಮಲ್ಲಿಯಂತೆಯೇ ಇಲ್ಲಿಯೂ ಚಪ್ಪಲಿಯನ್ನು ಹೊಸಿಲಿನಲ್ಲಿಯೇ ಬಿಡುವ ಪದ್ಧತಿ. ಆದರೆ ಮಾತಿಗೆ ತೊಡಗಿದೊಡನೆ ನನ್ನ ನಾಲಗೆ ತಡವರಿಸುತ್ತದೆ. ಸ್ವೀಡಿಷರು ಎಲ್ಲರನ್ನೂ ಏಕವಚನದಲ್ಲಿಯೇ ಮಾತಾಡಿಸುತ್ತಾರೆ. ಹಿಂದೆ ಹಾಗಿರಲಿಲ್ಲವಂತೆ. 1960ರ ದಶಕದ ಕೊನೆಯಲ್ಲಿ ಈ ಬದಲಾವಣೆ ನಾಡೆಲ್ಲ ಹಬ್ಬಿತು. 1967ರಲ್ಲಿ ವೈದ್ಯಕೀಯ ಮಂಡಳಿಯ ಮುಖ್ಯಸ್ಥರಾಗಿ ಬಂದ ಬ್ರೂರ್ ರೆಕ್ಸೆಡ್ ತಮ್ಮ ನೌಕರರನ್ನೆಲ್ಲ ಹೆಸರು ಹಿಡಿದು ಕರೆಯುವೆನೆಂದು ಸಾರಿದ್ದನ್ನು ಇಂದಿಗೂ ನೆನೆಯುತ್ತಾರೆ. ಎಂಟು ವರ್ಷ ಇಲ್ಲಿದ್ದೂ, ಅಜ್ಜಿಯ ವಯಸ್ಸಿನವರಿಗೆ ‘ನೀನು’ ಎನ್ನುವಾಗ ನನಗೆ ಇಂದಿಗೂ ಒಂದು ಕ್ಷಣ ಉಸಿರು ಹಿಡಿದಂತಾಗುತ್ತದೆ.

ಕಾಫಿ, ದಾಲ್ಚಿನ್ನಿಯ ಬನ್ನು ಮುಗಿದ ಮೇಲೆ ಆಕೆ ನನ್ನನ್ನು ಕೆಳಗೆ ಕರೆದೊಯ್ದರು. ಒಂದು ಸಣ್ಣ ಕೋಣೆ. ಗೋಡೆಗೆ ಹೊಂದಿಸಿದ ಮರದ ಹಲಗೆ, ಮೂರು ಟ್ರೇ, ತಂತಿಗೆ ಸಿಕ್ಕಿಸಿದ ಕ್ಲಿಪ್ಪುಗಳು. ಅಪ್ಪನ ಕತ್ತಲೆಕೋಣೆಗಿಂತ ತುಸು ದೊಡ್ಡದು. ಅದೇ ಹುಳಿ ವಾಸನೆ ಇನ್ನೂ ಗೋಡೆಯಲ್ಲಿತ್ತು. “ಈ ಪೆಟ್ಟಿಗೆಯನ್ನು ಅವರು ನನಗೂ ಮುಟ್ಟಗೊಡುತ್ತಿರಲಿಲ್ಲ. ಒಮ್ಮೆ ಧೂಳು ಒರೆಸಲು ಹೋಗಿ ಜಗಳವೇ ಆಗಿತ್ತು” ಎಂದರು. ಪೆಟ್ಟಿಗೆಯನ್ನು ತಿರುಗಿಸಿ ನೋಡಿದೆ. ಮುಚ್ಚಳದ ಒಳಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದ ಸಣ್ಣ ಪಟ್ಟಿ. ಯಾವ ದಿನ ತೆರೆದದ್ದು, ಎಷ್ಟು ಹಾಳೆ ಬಳಸಿದ್ದು, ಎಷ್ಟು ಉಳಿದದ್ದು. ಕೊನೆಯ ಸಾಲು: ‘ಉಳಿದದ್ದು 44’. ಅದರ ಕೆಳಗೆ ಏನೂ ಇಲ್ಲ.

ಇದರಲ್ಲಿ ಏನು ಮುದ್ರಿಸುವಿರೆಂದು ಕೇಳಿದರು. ಹೇಳಿದೆ. ತಲೆಯಾಡಿಸಿದರು. ಬೆಲೆಯಲ್ಲಿ ಒಂದು ಕ್ರೋನಾವನ್ನೂ ಬಿಡಲಿಲ್ಲ. ನಾನೂ ಚೌಕಾಸಿ ಮಾಡಲಿಲ್ಲ. ಹೊರಡುವಾಗ ಮರದ ಚಿಮಟವೊಂದನ್ನು ಕೈಗಿತ್ತು, “ಇದಕ್ಕೆ ದುಡ್ಡಿಲ್ಲ, ಇದು ಇಲ್ಲದೆ ಅವರು ಕೆಲಸ ಮಾಡುತ್ತಿರಲಿಲ್ಲ” ಎಂದರು.

ಸತ್ತವರ ಮನೆಯ ಸಾಮಾನು

ಅಂದು ರಾತ್ರಿ ಅಮ್ಮನಿಗೆ ಫೋನು ಮಾಡಿ ಉತ್ಸಾಹದಿಂದ ಎಲ್ಲವನ್ನೂ ಹೇಳಿದೆ. ಆ ಕಡೆ ಮೌನ. ಆಮೇಲೆ ನಿಧಾನವಾಗಿ, “ಸತ್ತವರ ಮನೆಯ ಸಾಮಾನು ತಂದೆಯಾ? ಅದೂ ಅಪ್ಪನ ಫೋಟೊಗೆ?” ಎಂದರು.

ನನಗೆ ಇದು ಹೊಳೆದೇ ಇರಲಿಲ್ಲ. ನಮ್ಮ ಮನೆಯಲ್ಲಿ ಹೋದವರ ಹಾಸಿಗೆ, ಬಟ್ಟೆಯನ್ನು ದಾನ ಕೊಡುತ್ತೇವೆ. ಹೊರಗಿನವರ ಮನೆಯದನ್ನು ಒಳಗೆ ತರುವುದಿಲ್ಲ. ಇಲ್ಲಿಯವರು ಬದುಕಿರುವಾಗಲೇ, ತಮ್ಮ ನಂತರ ಮಕ್ಕಳಿಗೆ ಹೊರೆಯಾಗದಿರಲೆಂದು ಸಾಮಾನು ವಿಲೇವಾರಿ ಮಾಡುತ್ತಾರೆ. ‘ಸಾವಿನ ಮುನ್ನ ಮನೆಯ ಶುಚಿ’ ಎಂಬರ್ಥದ ಪದವೇ ಭಾಷೆಯಲ್ಲಿದೆ. ಆ ಬಗ್ಗೆ ಮಾರ್ಗರೆಟಾ ಮ್ಯಾಗ್ನುಸನ್ ಬರೆದ, 2017ರಲ್ಲಿ ಬಂದ ಪುಸ್ತಕ ಹಲವು ಭಾಷೆಗಳಿಗೆ ಹೋಯಿತು. ಇದನ್ನೆಲ್ಲ ಅಮ್ಮನಿಗೆ ವಿವರಿಸಿ ಪ್ರಯೋಜನವಿರಲಿಲ್ಲ. ಸುಮ್ಮನಿದ್ದೆ.

“ಆ ಮನುಷ್ಯರು ಪೇಪರು ಹೇಗೆ ಇಟ್ಟಿದ್ದರು?” ಎಂದು ಅಮ್ಮನೇ ಕೇಳಿದರು. ಪೆನ್ಸಿಲಿನ ಲೆಕ್ಕದ ವಿಷಯ ಹೇಳಿದೆ. ಧೂಳು ಒರೆಸಿದ್ದಕ್ಕೆ ಆದ ಜಗಳವನ್ನೂ ಹೇಳಿದೆ. “ನಿಮ್ಮಪ್ಪನ ಹಾಗೇ” ಎಂದರು ಅಮ್ಮ. ಸ್ವಲ್ಪ ಹೊತ್ತಿನ ಮೇಲೆ, “ಮೊದಲು ಟೆಸ್ಟ್ ಮಾಡು. ಎಲ್ಲ ಹಾಳು ಮಾಡಬೇಡ” ಎಂದು ಫೋನಿಟ್ಟರು.

ಹಳೆಯ ಕಾಗದದ ಪರೀಕ್ಷೆ ಸುಲಭ. ಕೆಂಪು ದೀಪದಲ್ಲಿ ಒಂದು ಹಾಳೆಯಿಂದ ಎರಡು ಪಟ್ಟಿ ಕತ್ತರಿಸಬೇಕು. ಒಂದನ್ನು ನೇರವಾಗಿ ಹೈಪೊಗೆ ಹಾಕಬೇಕು. ಅದು ಕಾಗದದ ನಿಜವಾದ ಬಿಳಿ. ಇನ್ನೊಂದನ್ನು ಬೆಳಕು ಸೋಕಿಸದೆ 20 ಡಿಗ್ರಿಯ ಡೆವಲಪರಿನಲ್ಲಿ ಎರಡು ನಿಮಿಷ ಇಟ್ಟು ಆಮೇಲೆ ಹೈಪೊಗೆ ಹಾಕಬೇಕು. ಎರಡೂ ಒಂದೇ ಬಿಳಿಯಿದ್ದರೆ ಕಾಗದ ಆರೋಗ್ಯವಾಗಿದೆ. ನನ್ನ ಎರಡನೆಯ ಪಟ್ಟಿಯ ಅಂಚಿನಲ್ಲಿ ಅರ್ಧ ಸೆಂಟಿಮೀಟರಿನಷ್ಟು ಬೂದಿ ಗೆರೆಯಿತ್ತು, ನಡುವೆ ತೆಳುವಾದ ಮುಸುಕು. ಅಂಚನ್ನು ಕತ್ತರಿಸಬಹುದು. ಮುಸುಕಿಗೆ ಬೆಂಜೋಟ್ರಯಜೋಲ್ ಎಂಬ ರಾಸಾಯನಿಕದ ದುರ್ಬಲ ದ್ರಾವಣವನ್ನು ಡೆವಲಪರಿಗೆ ಸ್ವಲ್ಪ ಸೇರಿಸಿದರೆ ಕಡಿಮೆಯಾಗುತ್ತದೆ. ಪ್ರತಿಯಾಗಿ ಬೆಳಕನ್ನು ಹೆಚ್ಚು ಹೊತ್ತು ಕೊಡಬೇಕು.

ಆದರೂ ಒಂದು ಎಚ್ಚರಿಕೆ ವಹಿಸಿದೆ. ಇಂಥ ಮುಖ್ಯವಾದ ಕೆಲಸಕ್ಕೆ ಹಳೆಯ ಕಾಗದವೊಂದನ್ನೇ ನಂಬಬಾರದು. ಹೊಸ ಇಲ್‌ಫರ್ಡ್ ಕಾಗದದ ಒಂದು ಸಣ್ಣ ಕಟ್ಟನ್ನೂ ತರಿಸಿಕೊಂಡೆ. ಎರಡರ ಮೇಲೂ ಮುದ್ರಿಸಿದೆ. ಹೊಸದಕ್ಕೆ ಹನ್ನೆರಡು ಸೆಕೆಂಡು ಸಾಕಾಯಿತು. ಹಳೆಯದು ನಲವತ್ತು ಸೆಕೆಂಡು ಬೇಡಿತು. ಮೊದಲು ಪರದೆಯ ಮಡಿಕೆ ಬಂತು, ಕುರ್ಚಿಯ ಕೈ ಬಂತು, ತೋಳು ಮಡಚಿದ ಅಂಗಿ ಬಂತು. ಕೊನೆಗೆ ಮುಖ. ನನಗಿಂತ ಹದಿನೈದು ವರ್ಷ ಕಿರಿಯರಾದ ಅಪ್ಪ, ಕ್ಯಾಮೆರಾದ ಹಿಂದಿರುವವರನ್ನು ನೋಡಿ ನಗು ತಡೆದುಕೊಂಡು ಕೂತಿದ್ದರು. ಚಿಮಟದಲ್ಲಿ ಹಿಡಿದ ಹಾಳೆಯನ್ನು ಹೈಪೊಗೆ ಹಾಕಲು ಒಂದು ಕ್ಷಣ ತಡವಾಯಿತು.

ಕೆಲಸ ಮುಗಿದ ಮೇಲೆ ಬಳಸಿದ ಹೈಪೊವನ್ನು ಚರಂಡಿಗೆ ಸುರಿಯುವಂತಿಲ್ಲ. ಅದರಲ್ಲಿ ಬೆಳ್ಳಿ ಕರಗಿರುತ್ತದೆ. ಇಲ್ಲಿ ಅದು ಅಪಾಯಕಾರಿ ತ್ಯಾಜ್ಯ. ಕ್ಯಾನಿಗೆ ತುಂಬಿ, ಹೆಸರು ಬರೆದು, ಪುರಸಭೆಯ ಮರುಬಳಕೆ ಕೇಂದ್ರಕ್ಕೆ ಒಪ್ಪಿಸಬೇಕು. ಊರಿನಲ್ಲಿ ಅಪ್ಪನ ಹಳೆಯ ಹೈಪೊವನ್ನು ಬೆಳ್ಳಿ ತೆಗೆಯುವವರು ಬಂದು ದುಡ್ಡು ಕೊಟ್ಟು ಒಯ್ಯುತ್ತಿದ್ದರು.

ಅಮ್ಮನ ತೀರ್ಪು

ವರ್ಷಾಬ್ದಿಕಕ್ಕೆ ನಾಲ್ಕು ದಿನ ಮುಂಚೆ ಸಾಗರ ತಲುಪಿದೆ. ಎರಡೂ ಚಿತ್ರಗಳನ್ನು ಅಮ್ಮನ ಮುಂದಿಟ್ಟೆ. ಯಾವುದು ಯಾವ ಕಾಗದ ಎಂದು ಹೇಳಲಿಲ್ಲ. ಅಮ್ಮ ಕನ್ನಡಕ ಹಾಕಿಕೊಂಡು, ಹಾಳೆಗಳನ್ನು ಕಿಟಕಿಯ ಬಳಿ ಒಯ್ದು, ಓರೆಯಾಗಿ ಹಿಡಿದು, ಬೆನ್ನನ್ನು ಬೆರಳಿನಿಂದ ಸವರಿದರು. ಮೂವತ್ತು ವರ್ಷ ಆ ಕಾಗದವನ್ನು ತೊಳೆದ ಕೈ ಅದು.

“ಇದು ಆ ಪೇಪರು” ಎಂದು ಹಳೆಯದನ್ನು ಮೇಲೆತ್ತಿದರು. “ಸ್ವಲ್ಪ ಮಬ್ಬು ಬಂದಿದೆ. ನಿಮ್ಮಪ್ಪ ಆಗಿದ್ದರೆ ಇನ್ನೊಂದು ಹಾಳೆ ಹಾಕುತ್ತಿದ್ದರು.”

ಪೂಜೆಯ ಮಣೆಯ ಮೇಲೆ ಹೊಸ ಕಾಗದದ ಚಿತ್ರ ಕೂತಿತು. ಅದು ಹೆಚ್ಚು ಸ್ಪಷ್ಟವೆಂದು ನೆಂಟರೆಲ್ಲ ಮೆಚ್ಚಿದರು. ಹಳೆಯ ಕಾಗದದ್ದು ನಡುಮನೆಯ ಸಾಲಿಗೆ, ದೊಡ್ಡಪ್ಪನ ಪಕ್ಕಕ್ಕೆ ಹೋಯಿತು. ಎಲ್ಲರೂ ಹೊರಟ ಮೇಲೆ ಅಮ್ಮ ಕೇಳಿದರು: “ಆ ಹೆಂಗಸಿಗೆ ಒಂದು ಪ್ರಿಂಟು ಕಳಿಸಿದೆಯಾ? ಅವರ ಮನೆಯವರ ಪೇಪರಿನಲ್ಲಿ ಏನು ಬಂತೆಂದು ಅವರಿಗೂ ನೋಡಬೇಕೆನಿಸುವುದಿಲ್ಲವೇ?”

ಗೋಥೆನ್‌ಬರ್ಗಿಗೆ ಮರಳಿದ ವಾರವೇ ಮತ್ತೆರಡು ಹಾಳೆ ಮುದ್ರಿಸಿದೆ. ಮಬ್ಬು ಹೋಗುವಂತೆ ಬೆಳಕಿನ ಹೊತ್ತನ್ನು ತಿದ್ದಿದ ಒಂದನ್ನು ಆಲಿಂಗ್ಸೋಸ್‌ಗೆ ಅಂಚೆಯಲ್ಲಿ ಕಳಿಸಿದೆ. ಆಮೇಲೆ ಪೆಟ್ಟಿಗೆಯನ್ನು ಮುಚ್ಚುವ ಮುನ್ನ, ಆ ಪಟ್ಟಿಯ ಕೊನೆಯ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ದಿನಾಂಕ ಬರೆದು, ಬಳಸಿದ ಹಾಳೆಗಳನ್ನು ಕಳೆದು, ಸ್ವೀಡಿಷಿನಲ್ಲಿಯೇ ಸೇರಿಸಿದೆ: ಉಳಿದದ್ದು 31.